ಬಿಟ್ಟುಬಿಡುವುದೆಲ್ಲ ದಯೆಯಲ್ಲ

ಮಳೆಗಾಲದ ಒಂದು ಸೋಮವಾರ. ಪ್ರಾರ್ಥನೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ನನ್ನ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಎರಡೂ ಕೈಗಳಿಂದ ತಬ್ಬಿಕೊಂಡು ಬಂದು ನನ್ನ ಮೇಜಿನ ಪಕ್ಕದಲ್ಲಿಟ್ಟ. ಹಿಂದೆಯೇ ಹತ್ತು ಹನ್ನೆರಡು ಮಕ್ಕಳ ದಂಡು.

"ಟೀಚರ್, ಇದರಾಗ ಏನೈತಿ ನೋಡ್ರಿ."

ಬಗ್ಗಿ ನೋಡಿದೆ. ಅಂಗೈಯಗಲದ ಹಸಿರು ಆಮೆ. ಕಣ್ಣಿನ ಹಿಂದೆ ಎರಡೂ ಬದಿಗೆ ಕುಂಕುಮ ಸವರಿದಂತೆ ಕೆಂಪು ಪಟ್ಟಿ. ಎರಡು ವರ್ಷಗಳ ಹಿಂದೆ ಅವನ ಚಾಚಾ ಬೆಳಗಾವಿಯ ಒಂದು ಅಂಗಡಿಯಿಂದ ಈದ್‌ನ ಉಡುಗೊರೆಯಾಗಿ ತಂದುಕೊಟ್ಟದ್ದಂತೆ. ಆಗ ಅದು ನಾಣ್ಯಕ್ಕಿಂತ ತುಸು ದೊಡ್ಡದಾಗಿತ್ತು. "ಇಷ್ಟೇ ಇರುತ್ತದೆ, ಹೆಚ್ಚು ಬೆಳೆಯುವುದಿಲ್ಲ" ಎಂದು ಅಂಗಡಿಯವನು ಹೇಳಿದ್ದನಂತೆ. ಈಗ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ತಿರುಗಲೂ ಸ್ಥಳವಿಲ್ಲ.

"ಯಾಕೆ ತಂದೆಯಪ್ಪಾ ಶಾಲೆಗೆ?" ಎಂದು ಕೇಳಿದೆ.

"ಎಲ್ಲಾರಿಗೂ ತೋರ್ಸಾಕ ತಂದೀನ್ರಿ. ಶುಕ್ರವಾರ ಅಮ್ಮಿ ಇದನ್ನ ಹಳ್ಳಕ್ಕ ಬಿಡ್ತಾಳಂತ" ಎಂದವನ ಕಣ್ಣು ತುಂಬಿಕೊಂಡಿತು.

ಸಂಜೆ ಅವನ ತಾಯಿಯೇ ಬಂದರು. ದಣಿದ ಮುಖ. ಮನೆಯಲ್ಲಿ ಕೈಗೂಸು, ಹಾಸಿಗೆ ಹಿಡಿದ ಅತ್ತೆ, ಅದರ ಜೊತೆಗೆ ಎರಡು ದಿನಕ್ಕೊಮ್ಮೆ ನಾರುವ ಆಮೆಯ ನೀರು ಚೆಲ್ಲುವ ಕೆಲಸ. "ಆಪಾ, ನೀವೇ ಹೇಳಿ. ಆ ಬೇಜಬಾನ್ ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳುವುದು ನನ್ನಿಂದ ಆಗುತ್ತಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಅನ್ನವನ್ನೂ ಕೊಡದೆ, ಬಿಟ್ಟೂ ಬಿಡದೆ ಕೊಂದ ಹೆಂಗಸಿನ ಕಥೆಯನ್ನು ನೀವೇ ಮಕ್ಕಳಿಗೆ ಹೇಳಿದ್ದೀರಿ. ನನಗೆ ಹೆದರಿಕೆಯಾಗುತ್ತದೆ. ಬಿಟ್ಟುಬಿಟ್ಟರೆ ಅದಕ್ಕೂ ಬಿಡುಗಡೆ, ನನಗೂ ಸವಾಬ್."

ಹದೀಸನ್ನು ನಾನೇ ಕಲಿಸಿದ್ದೆ. ಆ ತಾಯಿಯ ಭಯವೂ ಸುಳ್ಳಲ್ಲ. ಆದರೂ ಏಕೋ ನನ್ನ ಬಾಯಿಂದ "ಸರಿ" ಎಂಬ ಮಾತು ಹೊರಡಲಿಲ್ಲ. "ತಂಗಿ, ಒಂದು ವಾರ ಸಮಯ ಕೊಡು" ಎಂದಷ್ಟೇ ಹೇಳಿದೆ. ಆ ಒಂದು ವಾರದಲ್ಲಿ ಓದಿದ್ದು, ಕೇಳಿ ತಿಳಿದದ್ದು, ನೆನಪಿಗೆ ಬಂದದ್ದು ಇವನ್ನೆಲ್ಲ ಈ ತಿಂಗಳು ತಮ್ಮೆದುರಿಗೆ ಇಡುತ್ತಿದ್ದೇನೆ.

ಅಬ್ಬಾರವರ ಹೊಂಡ

ಮೊದಲು ನೆನಪಿಗೆ ಬಂದದ್ದು ನಮ್ಮ ಮನೆಯ ತಪ್ಪೇ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಅಬ್ಬಾ ಹೊಲದ ಬಾವಿಯ ಪಕ್ಕದಲ್ಲಿ ಒಂದು ಹೊಂಡ ತೋಡಿಸಿದ್ದರು. ಒಂದು ದಿನ ಸೈಕಲ್ ಮೇಲೆ ಮೀನು ಮರಿ ಮಾರುವವನೊಬ್ಬ ಬಂದ. ಮೀಸೆ ಇರುವ, ಕಪ್ಪಗಿನ ಮರಿಗಳು. "ಏನು ಹಾಕಿದರೂ ತಿಂತಾವ, ಕೆಟ್ಟ ನೀರಾಗೂ ಬದುಕ್ತಾವ, ಆರು ತಿಂಗಳಿಗೆ ಕೇಜಿಗಟ್ಟಲೆ ತೂಗ್ತಾವ" ಎಂದ. ಅಬ್ಬಾ ಸಂತೋಷದಿಂದ ಕೊಂಡರು. ಅದು ಆಫ್ರಿಕನ್ ಕ್ಯಾಟ್‌ಫಿಶ್ ಎಂಬುದಾಗಲಿ, ಅದರ ಸಾಕಣೆಗೆ ನಿಷೇಧವಿದೆ ಎಂಬುದಾಗಲಿ ನಮಗಾರಿಗೂ ಗೊತ್ತಿರಲಿಲ್ಲ.

ಮರುವರ್ಷದ ದೊಡ್ಡ ಮಳೆಗೆ ಹೊಂಡ ತುಂಬಿ ಹರಿಯಿತು. ಮೀನುಗಳೆಲ್ಲ ಹಳ್ಳ ಸೇರಿದವು. "ನಮ್ಮ ನಸೀಬು" ಎಂದು ಅಬ್ಬಾ ಸುಮ್ಮನಾದರು. ನಾವು ಚಿಕ್ಕವರಿದ್ದಾಗ ಅದೇ ಹಳ್ಳದಲ್ಲಿ ಅಮ್ಮಿ ಮತ್ತು ಓಣಿಯ ಹೆಂಗಸರು ಹಳೆಯ ಸೀರೆಯನ್ನು ಜಾಲದಂತೆ ಹಿಡಿದು ಸಣ್ಣ ಮೀನು ತರುತ್ತಿದ್ದರು. ಖಾರ ಹಚ್ಚಿ ಹುರಿದರೆ ರೊಟ್ಟಿಗೆ ಬೇರೆ ಪಲ್ಯ ಬೇಕಿರಲಿಲ್ಲ. ಇಂದು ಆ ಸಣ್ಣ ಮೀನು ಮೊದಲಿನಂತಿಲ್ಲ. ಹೊಲಗಳ ಔಷಧಿಯ ನೀರು, ಉಸುಕು ತೆಗೆದದ್ದು, ಬೇಸಿಗೆಯಲ್ಲಿ ಬತ್ತುವ ಹಳ್ಳ, ಹೀಗೆ ಕಾರಣಗಳು ಹಲವು. ಎಲ್ಲವನ್ನೂ ಅಬ್ಬಾರವರ ಮೀನಿನ ತಲೆಗೆ ಕಟ್ಟಲು ನಾನು ವಿಜ್ಞಾನಿಯಲ್ಲ. ಆದರೆ ಆ ಮೀನಿನ ಬಗ್ಗೆ ಓದಿದ ಮೇಲೆ ನಮ್ಮ ಮನೆಯ ಪಾಲೂ ಅದರಲ್ಲಿದೆ ಎಂದು ಮನಸ್ಸು ಹೇಳುತ್ತದೆ.

ಆ ಮೀನು 1990ರ ದಶಕದಲ್ಲಿ ಯಾವ ಅಧಿಕೃತ ಒಪ್ಪಿಗೆಯೂ ಇಲ್ಲದೆ ಬಾಂಗ್ಲಾದೇಶದ ಕಡೆಯಿಂದ ನಮ್ಮ ದೇಶಕ್ಕೆ ನುಸುಳಿತು. ಅದು ನೀರಿನ ಹೊರಗೂ ಗಾಳಿ ಉಸಿರಾಡಬಲ್ಲದು. ಹಸಿ ನೆಲದ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲದು. ಸಣ್ಣ ಮೀನು, ಮೊಟ್ಟೆ, ಕಪ್ಪೆ, ಹುಳು ಯಾವುದನ್ನೂ ಬಿಡುವುದಿಲ್ಲ. ಕೇಂದ್ರ ಸರಕಾರ 2000ರಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಕಿದ್ದನ್ನೆಲ್ಲ ನಾಶಪಡಿಸುವಂತೆ ರಾಜ್ಯಗಳಿಗೆ ಮತ್ತೊಮ್ಮೆ ಹೇಳಬೇಕಾಯಿತು. ಪಕ್ಷಿಗಳಿಗೆ ಪ್ರಸಿದ್ಧವಾದ ರಾಜಸ್ಥಾನದ ಭರತಪುರದ ಕೆರೆಗಳಿಂದ ಅದನ್ನು ಹಿಡಿದು ಹೊರಹಾಕುವ ಕೆಲಸವನ್ನು ವರ್ಷಗಳ ಕಾಲ ಮಾಡಬೇಕಾಗಿದೆ. ಅಷ್ಟಾದರೂ ಕದ್ದುಮುಚ್ಚಿ ಸಾಕುವವರಿದ್ದಾರೆ. ಕಸಾಯಿಖಾನೆ ಮತ್ತು ಕೋಳಿ ಅಂಗಡಿಯ ತ್ಯಾಜ್ಯವನ್ನು ಹೊಂಡಕ್ಕೆ ಸುರಿದು ಅದನ್ನು ಬೆಳೆಸುತ್ತಾರೆ. ಅಗ್ಗಕ್ಕೆ ಸಿಗುತ್ತದೆಂದು ನಾವು ಕೊಂಡು ತರುತ್ತೇವೆ. ಇನ್ನು ಮುಂದೆ ಮೀನಿನವನನ್ನು "ಇದು ಯಾವ ಮೀನು, ಯಾವ ಹೊಂಡದ್ದು, ಏನು ತಿನ್ನಿಸಿ ಬೆಳೆಸಿದ್ದು?" ಎಂದು ಕೇಳುವುದು ನಮ್ಮ ಹಕ್ಕು. ಹಲಾಲ್ ಎಂಬುದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧ ಎಂಬ ಮಾತೂ ಇದೆಯಲ್ಲವೇ?

ದ್ವೀಪಗಳು ಕಲಿಸಿದ ಪಾಠ

ಹೊರಗಿನಿಂದ ತಂದು ಬಿಟ್ಟ ಒಂದು ಪ್ರಾಣಿ ಎಷ್ಟು ಕೆಡಿಸಬಲ್ಲದು ಎಂಬುದನ್ನು ಜಗತ್ತಿಗೆ ಕಲಿಸಿದ್ದು ದ್ವೀಪಗಳು. ಸುತ್ತ ನೀರಿರುವ ಪುಟ್ಟ ನೆಲದಲ್ಲಿ ಹಕ್ಕಿ, ಹುಳು, ಗಿಡಗಳು ಸಾವಿರಾರು ವರ್ಷ ಪರಸ್ಪರ ಹೊಂದಿಕೊಂಡು ಬದುಕಿರುತ್ತವೆ. ಅನೇಕ ದ್ವೀಪಗಳಲ್ಲಿ ಬೇಟೆಯಾಡುವ ಪ್ರಾಣಿಯೇ ಇಲ್ಲದ್ದರಿಂದ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಅಲ್ಲಿಗೆ ಹೊಸ ಬೇಟೆಗಾರ ಬಂದರೆ ಓಡಿಹೋಗಲು ಅವಕ್ಕೆ ಬೇರೆ ಊರಿಲ್ಲ.

ಈ ಕಥೆಗಳಲ್ಲಿ ನಮ್ಮ ದೇಶದ ಪ್ರಾಣಿಗಳೂ ಇವೆ. 1872ರಲ್ಲಿ ಜಮೈಕಾ ದ್ವೀಪದ ಕಬ್ಬಿನ ತೋಟದ ಮಾಲೀಕನೊಬ್ಬ ಇಲಿ ಕಾಟಕ್ಕೆ ಮದ್ದೆಂದು ಭಾರತದಿಂದ ಒಂಬತ್ತು ಮುಂಗುಸಿಗಳನ್ನು ತರಿಸಿಕೊಂಡ. ಅವುಗಳ ಸಂತತಿಯನ್ನೇ 1883ರಲ್ಲಿ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಒಯ್ದರು. ಇಲಿಗಳ ಓಡಾಟ ಹೆಚ್ಚಾಗಿ ರಾತ್ರಿ, ಮುಂಗುಸಿಯ ಬೇಟೆ ಹಗಲು. ಒಂದಕ್ಕೊಂದು ಸರಿಯಾಗಿ ಭೇಟಿಯೇ ಆಗಲಿಲ್ಲ. ಇಲಿ ಉಳಿಯಿತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳು ಮುಂಗುಸಿಯ ಹೊಟ್ಟೆ ಸೇರಿದವು.

ಜಪಾನಿನ ಅಮಾಮಿ ಓಶಿಮಾ ದ್ವೀಪದಲ್ಲಿ 1979ರಲ್ಲಿ ವಿಷದ ಹಾವನ್ನು ಹಿಡಿಯಲೆಂದು ಸುಮಾರು ಮೂವತ್ತು ಮುಂಗುಸಿಗಳನ್ನು ಬಿಟ್ಟರು. ಅವು ಹಾವಿನ ಗೊಡವೆಗೆ ಹೋಗದೆ ಆ ದ್ವೀಪದಲ್ಲಲ್ಲದೆ ಹೆಚ್ಚು ಕಡೆ ಕಾಣಸಿಗದ ಅಪರೂಪದ ಮೊಲಗಳನ್ನು ತಿನ್ನತೊಡಗಿದವು. ಬೋನು, ನಾಯಿ, ಕ್ಯಾಮೆರಾಗಳ ನೆರವಿನಿಂದ ದಶಕಗಟ್ಟಲೆ ಹುಡುಕಿ ಹಿಡಿದು, ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ದ್ವೀಪದಲ್ಲಿ ಇನ್ನು ಮುಂಗುಸಿ ಇಲ್ಲವೆಂದು ಅಲ್ಲಿನ ಸರಕಾರ ಘೋಷಿಸಿತು. ಬಿಡಲು ಒಂದು ದಿನ, ಹಿಡಿಯಲು ಹತ್ತಾರು ವರ್ಷ!

ಇನ್ನೊಂದು ಕಥೆ ಕಬ್ಬು ಬೆಳೆಯುವ ನಮ್ಮ ಜಿಲ್ಲೆಯವರು ಕೇಳಲೇಬೇಕಾದದ್ದು. ನಮ್ಮ ಕಬ್ಬಿನ ಬೇರು ಕಡಿಯುವ ಗೊಣ್ಣೆ ಹುಳುವಿನ ಬಂಧುವೊಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿಯೂ ಇದೆ. ಅದರ ಕಾಟ ತಡೆಯಲು 1935ರಲ್ಲಿ ಹವಾಯಿಯಿಂದ ನೂರರಷ್ಟು ದೊಡ್ಡ ಕಪ್ಪೆಗಳನ್ನು ತಂದರು. ಕಬ್ಬಿನ ತುದಿಯಲ್ಲಿ ಕೂರುವ ದುಂಬಿ, ನೆಲದ ಮೇಲೆ ಕುಪ್ಪಳಿಸುವ ಕಪ್ಪೆಗೆ ಸಿಕ್ಕೀತೇ? ಹುಳು ಹೋಗಲಿಲ್ಲ, ಕಪ್ಪೆ ಕೋಟಿಗಟ್ಟಲೆಯಾಯಿತು. ಅದರ ಚರ್ಮದ ಗ್ರಂಥಿಯಲ್ಲಿ ವಿಷವಿದೆ. ಅದನ್ನು ಹಿಡಿದು ತಿಂದ ಅಲ್ಲಿನ ಕಾಡುಪ್ರಾಣಿಗಳು ಸಾಯತೊಡಗಿದವು. ಇಂದಿಗೂ ಅದನ್ನು ತಡೆಯಲು ಅವರಿಗೆ ಆಗಿಲ್ಲ.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ನಂತರ ಸರಕಿನ ನಡುವೆ ಅಡಗಿ ಬಂದ ಒಂದು ಜಾತಿಯ ಮರಹಾವು ಅಲ್ಲಿನ ಕಾಡಿನ ಹಕ್ಕಿಗಳನ್ನು ಬಹುಪಾಲು ಮುಗಿಸಿಬಿಟ್ಟಿತು. ಇದನ್ನು ಕಂಡಿರುವ ಹವಾಯಿಯವರು ಇಂದು ಒಂದೇ ಒಂದು ಹಾವನ್ನೂ ಸಾಕಲು ಬಿಡುವುದಿಲ್ಲ. ತಂದವನಿಗೆ ಎರಡು ಲಕ್ಷ ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಸೆರೆ. ನಾಯಿ ಬೆಕ್ಕುಗಳೂ ರೇಬಿಸ್ ಪರೀಕ್ಷೆ ದಾಟದಿದ್ದರೆ 120 ದಿನಗಳ ಕ್ವಾರಂಟೈನ್‌ನಲ್ಲಿರಬೇಕು. ಕಟ್ಟುನಿಟ್ಟು ಹೆಚ್ಚಾಯಿತೆಂದು ನಮಗನಿಸಬಹುದು. ಆದರೆ ಅಲ್ಲಿ ಹುಚ್ಚುನಾಯಿ ರೋಗವೇ ಇಲ್ಲ.

ಅಷ್ಟು ದೂರ ಏಕೆ? ನಮ್ಮದೇ ಲಕ್ಷದ್ವೀಪವನ್ನು ನೋಡಿ. ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿಯೇ ಇದ್ದವು. ಬಹುತೇಕ ಎಲ್ಲರೂ ಮುಸ್ಲಿಮರಾಗಿರುವ ಆ ದ್ವೀಪಗಳಿಗೆ ನಾಯಿ ತರುವಂತಿಲ್ಲ. ಅಲ್ಲಿಯೂ ರೇಬಿಸ್ ಇಲ್ಲ. ಆದರೆ ಹಡಗುಗಳ ಜೊತೆ ಎಂದೋ ಬಂದಿಳಿದ ಇಲಿಯನ್ನು ತಡೆಯಲು ಯಾವ ಕಾನೂನೂ ಇರಲಿಲ್ಲ. ಅಲ್ಲಿನವರ ಜೀವನವೆಲ್ಲ ತೆಂಗಿನ ಮೇಲೆ. ಇಲಿ ಮರದ ತುದಿಯಲ್ಲೇ ಗೂಡು ಮಾಡಿ ಎಳೆಗಾಯಿಗಳನ್ನು ಕೊರೆಯುತ್ತದೆ. ಹಿಂದೆ ಊರಿನ ಗಂಡಸರೆಲ್ಲ ಸೇರಿ ಇಲಿ ಬೇಟೆಗೆ ಹೊರಡುವ ಪದ್ಧತಿಯೇ ಇತ್ತು. ಇಂದಿಗೂ ಆ ಕಾಟ ಮುಗಿದಿಲ್ಲ. ಅಂಡಮಾನಿಗೆ ಬ್ರಿಟಿಷರು ಬೇಟೆಯ ಮೋಜಿಗೆ ಒಯ್ದ ಚುಕ್ಕೆ ಜಿಂಕೆಗಳಿಗೆ ಅಲ್ಲಿ ಹುಲಿ ಚಿರತೆಗಳಿಲ್ಲ. ಅವು ಕಾಡಿನ ಎಳೆಯ ಸಸಿಗಳನ್ನು ಮೇಲೇಳಲು ಬಿಡುತ್ತಿಲ್ಲ. ಸುಂದರವಾದ ಜಿಂಕೆಯೂ ತಪ್ಪು ಜಾಗದಲ್ಲಿ ಕಾಡಿಗೆ ಕಾಟವಾಗಬಲ್ಲದು.

2023ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ತಜ್ಞರ ಸಮಿತಿಯೊಂದು ವರದಿ ನೀಡಿತು. ಮನುಷ್ಯರು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದ 37,000 ಜೀವಜಾತಿಗಳಲ್ಲಿ 3,500ಕ್ಕೂ ಹೆಚ್ಚು ಹಾನಿಕರವಾಗಿವೆ. ಅವುಗಳಿಂದಲೇ ಮುಖ್ಯವಾಗಿ ಅಳಿದುಹೋದ ಜೀವಿಗಳಲ್ಲಿ ಶೇಕಡಾ 90ರಷ್ಟು ದ್ವೀಪಗಳವೇ ಎಂದು ಅದು ಹೇಳಿತು.

ನಮಗೇನು ಸಂಬಂಧ?

"ನಾವು ದ್ವೀಪದಲ್ಲಿಲ್ಲವಲ್ಲ, ಆಪಾ" ಎನ್ನಬಹುದು. ಆದರೆ ನಮ್ಮ ಖಾನಾಪುರ ತಾಲೂಕೂ ಒಂದು ಬಗೆಯ ದ್ವೀಪವೇ. ಮಲಪ್ರಭೆ ಹುಟ್ಟುವುದು ಇಲ್ಲಿನ ಕಣಕುಂಬಿಯಲ್ಲಿ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಎಂಬ ಗವಿಗಳಿವೆ. ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಕಂಡುಬಂದಿರುವ ಒಂದು ಬಾವಲಿ ಅಲ್ಲಿದೆ. ಘಟ್ಟದ ತೊರೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನು, ಕಪ್ಪೆಗಳಿವೆ. ಅವುಗಳಿಗೆ ಆ ತೊರೆಯೇ ಪ್ರಪಂಚ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಮಳೆಗಾಲದಲ್ಲಿ ಹೊಳೆ ಸೇರುತ್ತದೆ, ಹೊಳೆ ನವಿಲುತೀರ್ಥದ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ಎಷ್ಟು ಊರುಗಳಿಗೆ!

ಹೊಲದ ಮಾತಿಗೆ ಬಂದರೆ ಸಂಬಂಧ ಇನ್ನೂ ಹತ್ತಿರದ್ದು. ನಮ್ಮ ಪಕ್ಕದ ಹೊಲದ ಅಜ್ಜ ಒಮ್ಮೆ ಗೋವಿನ ಜೋಳದ ಗಿಡವೊಂದನ್ನು ಕಿತ್ತು ತಂದು ತೋರಿಸಿದರು. "ನೋಡ್ರಿ ಅಕ್ಕೋರ, ಸುಳಿಯಾಗ ಕುಂತು ತಿಂದ ಬಿಟ್ಟೈತಿ. ಐವತ್ತ ವರ್ಷ ಒಕ್ಕಲತನಾ ಮಾಡೇನಿ, ಇಂಥಾ ಹುಳಾ ಕಂಡಿದ್ದಿಲ್ಲ." ಅವರು ಕಂಡಿರಲು ಸಾಧ್ಯವೂ ಇರಲಿಲ್ಲ. ಫಾಲ್ ಸೈನಿಕ ಹುಳು ಎಂಬ ಅದು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ನಮ್ಮ ಶಿವಮೊಗ್ಗದಲ್ಲಿ ಪತ್ತೆಯಾಗಿ, ಒಂದೆರಡು ವರ್ಷಗಳಲ್ಲೇ ದೇಶದ ಹೆಚ್ಚಿನ ಭಾಗಕ್ಕೆ ಹರಡಿತು. ಇನ್ನೊಂದು, ಆಫ್ರಿಕದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಶಂಖ ಸಂಗ್ರಾಹಕ ಮಾರಿಷಸ್‌ನಿಂದ ಕೆಲವನ್ನು ಕೊಲ್ಕತ್ತಾಗೆ ತಂದ. ಅವು ಅಲ್ಲಿನ ತೋಟವೊಂದರಲ್ಲಿ ನೆಲೆಯಾದವು. ಇಂದು ಬೆಂಗಳೂರಿನ ಕೈತೋಟಗಳಿಂದ ಕೊಡಗಿನ ಕಾಫಿ ತೋಟದವರೆಗೆ ಅದರ ಕಾಟವಿದೆ. ಮಿದುಳಿನ ಪೊರೆಗೆ ರೋಗ ತರುವ ಸೂಕ್ಷ್ಮ ಹುಳುವೂ ಅದರ ದೇಹದಲ್ಲಿರಬಹುದು. ಮಕ್ಕಳು ಅದನ್ನು ಬರಿಗೈಯಲ್ಲಿ ಹಿಡಿಯದಂತೆ ನೋಡಿಕೊಳ್ಳಿ, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯಿರಿ.

ಗಲ್ಫ್‌ನಲ್ಲಿ ಮನೆಯವರಿರುವ ಸಹೋದರಿಯರಿಗೆ ಒಂದು ಮಾತು. ನಮ್ಮ ತೆಂಗಿಗೆ ಬೀಳುವ ಕೆಂಪು ಮೂತಿ ಹುಳುವನ್ನು ತಾವು ಕೇಳಿರಬಹುದು. ಅದು ದಕ್ಷಿಣ ಏಷ್ಯಾದ್ದು. 1980ರ ದಶಕದ ನಡುವಿನಲ್ಲಿ ಹುಳು ಹೊಕ್ಕ ಸಸಿಗಳ ಸಾಗಾಟದೊಂದಿಗೆ ಅದು ಅರಬ್ ದೇಶಗಳನ್ನು ತಲುಪಿತು. ಅಂದಿನಿಂದ ಖರ್ಜೂರದ ಮರಗಳನ್ನು ಒಳಗಿಂದೊಳಗೇ ಟೊಳ್ಳು ಮಾಡಿ ಉರುಳಿಸುತ್ತಿದೆ. 2017ರಲ್ಲಿ ಇದೊಂದು ಹುಳುವಿಗಾಗಿ ರೋಮ್ ನಗರದಲ್ಲಿ ಅನೇಕ ದೇಶಗಳ ಸಭೆಯೇ ನಡೆಯಿತು. ನಾವು ರಮಝಾನ್‌ನಲ್ಲಿ ಬಾಯಿಗಿಡುವ ಖರ್ಜೂರದ ಮರವನ್ನು ನಮ್ಮ ಕಡೆಯ ಹುಳುವೇ ತಿನ್ನುತ್ತಿದೆ. ಹಾನಿ ಒಂದೇ ದಿಕ್ಕಿನಲ್ಲಿ ಬರುವುದಿಲ್ಲ. ಅಲ್ಲಿಂದ "ಒಂದೇ ಒಂದು ಸಸಿ" ಬ್ಯಾಗಿನಲ್ಲಿ ತರುವವರೂ, ಇಲ್ಲಿಂದ ಒಯ್ಯುವವರೂ ಇದನ್ನು ನೆನಪಿಡಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಕಾನೂನುಗಳು ಹಳೆಯವೇ ಇವೆ. ಜಾನುವಾರುಗಳ ಆಮದಿನ ಕಾಯಿದೆ 1898ರದ್ದು, ಬೆಳೆಗೆ ಹಾನಿ ಮಾಡುವ ಕೀಟಗಳ ಕಾಯಿದೆ 1914ರದ್ದು. ಬೀಜ ಸಸಿಗಳ ಆಮದಿಗೆ 2003ರ ಆದೇಶವಿದೆ. ಪ್ರಾಣಿಗಳನ್ನು ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ದಿಲ್ಲಿ, ಮುಂಬೈ, ಚೆನ್ನೈ, ಕೊಲ್ಕತ್ತಾ, ಬೆಂಗಳೂರು, ಹೈದರಾಬಾದ್‌ಗಳಲ್ಲಿ ಪ್ರಾಣಿ ಕ್ವಾರಂಟೈನ್ ಕೇಂದ್ರಗಳಿವೆ. ವಿದೇಶದಿಂದ ಮರಳುವವರು ಸಾಕಿದ ಬೆಕ್ಕು ತರಬೇಕೆಂದರೂ ಲಸಿಕೆಯ ದಾಖಲೆ, ವೈದ್ಯರ ಪ್ರಮಾಣಪತ್ರ, ಮುಂಚಿತ ಒಪ್ಪಿಗೆ ಬೇಕು.

ಆದರೆ ಬಹುಕಾಲ ಒಂದು ಕೊರತೆ ಇತ್ತು. ಜಾನುವಾರಿಗೆ ರೋಗ ತರುವುದನ್ನು, ಬೆಳೆ ತಿನ್ನುವುದನ್ನು ತಡೆಯಲು ಕಾಯಿದೆ ಇತ್ತು. ಕಾಡು, ಕೆರೆಗಳನ್ನು ಕೆಡಿಸುವ ಪರದೇಶದ ಜೀವಿಯ ಬಗ್ಗೆ ಸ್ಪಷ್ಟ ಮಾತಿರಲಿಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿ ತಂದು, ಅಂಥ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಡಲಾಯಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆಫ್ರಿಕದ ಬೂದು ಗಿಳಿ, ಮಕಾವ್, ಇಗ್ವಾನಾ ಮೊದಲಾದವನ್ನು ಸಾಕಿರುವವರು ಸರಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮವೂ ಬಂದಿದೆ. ಇನ್ನು ನಮ್ಮ ಊರಿನ ಹಸಿರು ಗಿಳಿಯನ್ನು "ಮಿಠ್ಠೂ" ಎಂದು ಪಂಜರದಲ್ಲಿಡುವುದಂತೂ ಅಪರಾಧವೇ. ಎಷ್ಟು ಮನೆಗಳ ಅಂಗಳದಲ್ಲಿ ಆ ಪಂಜರ ತೂಗುತ್ತಿದೆ!

ಆ ಕೆಂಪು ಪಟ್ಟಿಯ ಆಮೆಯ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆ. ಯುರೋಪಿನ ಒಕ್ಕೂಟ 1997ರಲ್ಲೇ ಅದರ ಆಮದನ್ನು ನಿಲ್ಲಿಸಿತು. ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಮನೆಯಲ್ಲಿ ಸಾಕಲು ಮಾರುವಂತಿಲ್ಲ. ಏಕೆಂದರೆ ಅವನ್ನು ಮುಟ್ಟಿ, ಬಾಯಿಗೆ ಕೈಯಿಟ್ಟುಕೊಂಡ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ವಾಂತಿ ಭೇದಿ ಆಗುತ್ತಿತ್ತು. ಅದು ಒಂದಡಿಯಷ್ಟು ಬೆಳೆಯಬಹುದು, ಇಪ್ಪತ್ತು ಮೂವತ್ತು ವರ್ಷ ಬದುಕಬಹುದು. ಕೆರೆಗೆ ಬಿಟ್ಟರೆ ನಮ್ಮ ನಾಟಿ ಆಮೆಗಳ ಆಹಾರಕ್ಕೂ, ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಅದು ಈಗಾಗಲೇ ಕಂಡುಬಂದಿದೆ. ಅಲ್ಲಿಗೆ ಅದು ತಾನಾಗಿ ಹೋಗಲಿಲ್ಲ. ಯಾರೋ ದಯೆಯಿಂದಲೇ ಬಿಟ್ಟಿದ್ದಾರೆ.

ಬೆಕ್ಕು ಮತ್ತು ಆಮೆ

ಹಾಗಾದರೆ ಆ ಹದೀಸ್? ನಾನು ಮತ್ತೆ ಮತ್ತೆ ಯೋಚಿಸಿದೆ. ಬೆಕ್ಕು ಆ ಊರಿನದೇ ಜೀವಿ. ಬಿಟ್ಟರೆ ಅಲ್ಲಿನ ನೆಲದಲ್ಲೇ ತನ್ನ ಆಹಾರ ಹುಡುಕಿಕೊಂಡು, ಮೊದಲು ಹೇಗೆ ಬದುಕಿತ್ತೋ ಹಾಗೆ ಬದುಕುತ್ತಿತ್ತು. ಬಿಟ್ಟರೆ ಯಾರಿಗೂ ಕೇಡಿರಲಿಲ್ಲ, ಕಟ್ಟಿಹಾಕಿದ್ದೇ ಕ್ರೌರ್ಯ. ಆಮೆಯದು ಹಾಗಲ್ಲ. ಅದರ ನೆಲ ಏಳು ಸಮುದ್ರದಾಚೆ ಇದೆ. ನಾವು ಬಿಡುವುದು ಅದರ ಮನೆಗಲ್ಲ, ಬೇರೆಯವರ ಮನೆಗೆ. ಆ ಹಳ್ಳದ ಮೀನಿಗೆ, ನಾಟಿ ಆಮೆಗೆ ಕೂಡ ನಮ್ಮ ದಯೆಯ ಮೇಲೆ ಹಕ್ಕಿದೆಯಲ್ಲವೇ? ಒಂದು ಜೀವಿಗೆ ತೋರಿದ ಕರುಣೆ ನೂರು ಜೀವಿಗಳಿಗೆ ಕಂಟಕವಾದರೆ ಅದನ್ನು ಸವಾಬ್ ಎಂದು ಕರೆಯಲು ನನಗೆ ಧೈರ್ಯ ಸಾಲದು. ಸಾಕಲು ತಂದದ್ದು ಅಮಾನತ್. ಅದನ್ನು ಹಳ್ಳಕ್ಕೆ ಎಸೆದರೆ ಭಾರ ಇಳಿಯುವುದಿಲ್ಲ, ಇನ್ನೊಬ್ಬರ ಹೆಗಲಿಗೆ ದಾಟುತ್ತದೆ.

ಗಡಿಯಲ್ಲಿ ತಡೆಯುವುದೂ ನಮಗೆ ಹೊಸ ಪಾಠವಲ್ಲ. ಪ್ಲೇಗ್ ಇರುವ ಊರಿಗೆ ಹೋಗಬಾರದು, ತಾವಿರುವ ಊರಿಗೆ ಅದು ಬಂದರೆ ಓಡಿಹೋಗಬಾರದು ಎಂಬ ಪ್ರವಾದಿ(ಸ)ರವರ ಬೋಧನೆಯನ್ನು 2020ರ ಕೊರೋನಾ ಕಾಲದಲ್ಲಿ ನಾವೆಲ್ಲ ಮತ್ತೆ ಓದಿಕೊಂಡೆವು. ಸಿರಿಯಾದ ಹಾದಿಯಲ್ಲಿ ಸರ್ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಝ್ರತ್ ಉಮರ್(ರ) ಎಲ್ಲರೊಡನೆ ಸಮಾಲೋಚಿಸಿ ಹಿಂದಿರುಗಿದರು. ಅದು ವಿಧಿಯಿಂದ ಓಡಿಹೋಗುವುದಲ್ಲ, ಮುನ್ನೆಚ್ಚರಿಕೆಯೂ ವಿಧಿಯೊಳಗಿನದೇ ಎಂಬುದು ಅವರ ತಿಳುವಳಿಕೆ. "ಏನಾಗಬೇಕೋ ಅದಾಗುತ್ತದೆ" ಎಂದು ಹೊಂಡದ ಮೀನನ್ನು ಹಳ್ಳಕ್ಕೆ ಹೋಗಲು ಬಿಟ್ಟ ನಾವು ಆ ತಿಳುವಳಿಕೆಯಿಂದ ದೂರವಿದ್ದೆವು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. "ಹೊರಗಿನದು" ಎಂಬ ಶಬ್ದವನ್ನು ಕೇಳಿದಾಗ ನಮಗೆ ನೋವಾಗುವುದುಂಟು. ಪ್ರಾಣಿಗಳ ಈ ಮಾತನ್ನು ಮನುಷ್ಯರ ಮೇಲೆ ಹೊರಿಸುವವರ ಮಾತಿಗೆ ಕಿವಿಗೊಡಬೇಡಿ. ಮನುಷ್ಯರೆಲ್ಲ ಒಂದೇ ಜಾತಿ, ಒಬ್ಬ ತಂದೆತಾಯಿಯ ಮಕ್ಕಳು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೂ ಅಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಖಾನಾಪುರದ ಗೋಡಂಬಿ, ಅಜ್ಜನ ಗೋವಿನ ಜೋಳ ಎಲ್ಲವೂ ಅಮೆರಿಕ ಖಂಡದಿಂದ ಬಂದವೇ. ಕಾನೂನು ಕೇಳುವುದು ಎಲ್ಲಿಂದ ಬಂತೆಂದಲ್ಲ, ಬಿಟ್ಟರೆ ಏನು ಮಾಡುತ್ತದೆ ಎಂದು. ತರುವ ಮುನ್ನ ಪರೀಕ್ಷಿಸಬೇಕೆಂಬುದಷ್ಟೇ ಅದರ ಬೇಡಿಕೆ.

ಆಮೆ ಏನಾಯಿತು?

ವಾರದ ಕೊನೆಗೆ ನಾನು ಆ ಮನೆಗೆ ಹೋದೆ. ಅದಕ್ಕೂ ಮೊದಲು ಒಂದು ಕಚೇರಿಗೆ ಫೋನ್ ಮಾಡಿ ಆಮೆಯನ್ನು ಯಾರಿಗೆ ಒಪ್ಪಿಸಬೇಕೆಂದು ಕೇಳಿದ್ದೆ. "ಅದು ನಮ್ಮ ದೇಶದ ಆಮೆ ಅಲ್ಲ, ನಮಗೆ ಬರುವುದಿಲ್ಲ" ಎಂದರು. ಇನ್ನೊಂದು ಕಡೆ "ಇಟ್ಟುಕೊಳ್ಳಲು ಜಾಗವಿಲ್ಲ" ಎಂದರು. ಮೂರನೆಯವರಂತೂ "ಯಾವುದಾದರೂ ಕೆರೆಗೆ ಬಿಟ್ಟುಬಿಡಿ ಮೇಡಂ" ಎಂದುಬಿಟ್ಟರು! ಮಾರುವುದು ಸುಲಭ, ಕೊಳ್ಳುವುದು ಸುಲಭ. ಸಾಕಲಾಗದಿದ್ದರೆ ಒಪ್ಪಿಸಲು ಒಂದು ಬಾಗಿಲಿಲ್ಲ. ಕಾಯಿದೆ ಮಾಡಿದವರು ಈ ಬಾಗಿಲನ್ನೂ ಇಡಬೇಕು. ಜಿಲ್ಲೆಗೊಂದು ಕಡೆ ಇಂಥ ಪ್ರಾಣಿಗಳನ್ನು ಪಡೆದುಕೊಳ್ಳುವ ವ್ಯವಸ್ಥೆಯಿಲ್ಲದೆ "ಬಿಡಬೇಡಿ" ಎಂದರೆ ದಣಿದ ತಾಯಂದಿರು ಏನು ಮಾಡಬೇಕು?

ಆ ತಾಯಿ ನನ್ನ ಮಾತನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ನಂತರ, "ಬಿಡುವುದಿಲ್ಲ ಆಪಾ. ಆದರೆ ಇನ್ನು ಮುಂದೆ ಇದರ ನೀರು ನಾನು ಚೆಲ್ಲುವುದಿಲ್ಲ" ಎಂದು ಮಗನ ಕಡೆಗೂ, ಉಡುಗೊರೆ ತಂದ ಮೈದುನನ ಕಡೆಗೂ ನೋಡಿದರು. ನ್ಯಾಯವಾದ ಮಾತು! ಮನೆಗೆ ಬರುವ ಪ್ರಾಣಿಯ ಸಂತೋಷ ಎಲ್ಲರದು, ಅದರ ಹೊಲಸು ಮಾತ್ರ ಹೆಂಗಸರ ಪಾಲು ಎಂಬುದು ಎಷ್ಟು ಮನೆಗಳ ಕಥೆಯಲ್ಲ? ಚಾಚಾ ಹಿತ್ತಲಿನಲ್ಲಿ ಹಳೆಯ ಸಿಮೆಂಟ್ ತೊಟ್ಟಿಯೊಂದನ್ನು ಸರಿಪಡಿಸಿ, ಮಳೆಯ ನೀರು ತುಂಬಿ ಹೊರಹರಿಯದಂತೆ ಮೇಲೆ ಜಾಳಿಗೆ ಹಾಕಿಕೊಟ್ಟ. ನೀರು ಬದಲಿಸುವುದು, ಆಮೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಕೈಗೂಸನ್ನು ಹತ್ತಿರ ಬಿಡದಿರುವುದು ಹುಡುಗನ ಜವಾಬ್ದಾರಿ.

"ಟೀಚರ್, ಇದು ಮೂವತ್ತ ವರ್ಷ ಬದುಕಿದ್ರ?" ಎಂದು ಅವನು ಕೇಳಿದ.

"ಆಗ ನಿನಗೆ ನಲವತ್ತು. ನಿನ್ನ ಮಕ್ಕಳಿಗೂ ತೋರಿಸುವಿಯಂತೆ" ಎಂದೆ. ಅವನು ನಗಲಿಲ್ಲ. ಮೊದಲ ಬಾರಿಗೆ ಆ ಆಮೆಯನ್ನು ಆಟಿಕೆಯಲ್ಲವೆಂಬಂತೆ ನೋಡಿದ.

ಸಹೋದರಿಯರೇ, ಮುಂದಿನ ಸಲ 'ಇಷ್ಟೇ ಇರುತ್ತದೆ' ಎಂದು ಅಂಗಡಿಯವನು ಹೇಳಿದಾಗ, 'ಎಷ್ಟು ವರ್ಷ ಬದುಕುತ್ತದೆ, ಎಲ್ಲಿಯದು, ನಾಳೆ ಹಿಂದಿರುಗಿಸಿದರೆ ತೆಗೆದುಕೊಳ್ಳುವೆಯಾ?' ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಮರಳಿ. ಮಕ್ಕಳಿಗೆ ಈದ್‌ನ ಉಡುಗೊರೆಗೆ ಬೇರೆ ಬೇಕಾದಷ್ಟಿವೆ. ಗಾಜಿನ ಪೆಟ್ಟಿಗೆಯ ಮೀನನ್ನಾಗಲಿ, ಅದರ ನೀರಿನ ಗಿಡವನ್ನಾಗಲಿ ಹಳ್ಳಕ್ಕೆ, ಬಾವಿಗೆ ಚೆಲ್ಲಬೇಡಿ.

ಮೊನ್ನೆ ಮಳೆ ನಿಂತ ಮೇಲೆ ಹಳ್ಳದ ದಂಡೆಗೆ ಹೋಗಿದ್ದೆ. ನೀರು ಕೆಂಪಗೆ ಹರಿಯುತ್ತಿತ್ತು. ಅದರೊಳಗೆ ಏನಿದೆ, ಏನಿಲ್ಲ ಎಂದು ಮೇಲಿನಿಂದ ಹೇಳಲಾಗುವುದಿಲ್ಲ. ಅಬ್ಬಾ ಈಗ ಇಲ್ಲ. ತಿಳಿಯದೆ ಮಾಡಿದ್ದನ್ನು ಅಲ್ಲಾಹನು ಮನ್ನಿಸಲಿ. ತಿಳಿದ ಮೇಲೆಯೂ ಮಾಡಿದರೆ ಆ ಲೆಕ್ಕ ನಮ್ಮದು.